ಖಾಲಿಯಾಗುತ್ತಿರುವ ಊರಲ್ಲಿ ಬಾಡಿಗೆ ಮನೆ ಹುಡುಕಿದ್ದು

2023ರ ಬೇಸಿಗೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಆಡಮ್ಸ್ ಕೌಂಟಿಗೆ ಬಂದಾಗ, ಇನ್ನೇನು ಸಿಗದಿದ್ದರೂ ಮನೆ ಮಾತ್ರ ಸಿಗುತ್ತದೆ ಅಂದುಕೊಂಡಿದ್ದೆ. ಬರುವ ಮೊದಲೇ ಜನಗಣತಿಯ ಅಂಕಿ ನೋಡಿಕೊಂಡಿದ್ದೆ. 1900ರಲ್ಲಿ ಈ ಕೌಂಟಿಯಲ್ಲಿ 13,601 ಜನ ಇದ್ದರು. 2020ರಲ್ಲಿ ಉಳಿದವರು 3,704. ಅಯೋವಾದ 99 ಕೌಂಟಿಗಳಲ್ಲಿ ಇಷ್ಟು ಕಡಿಮೆ ಜನ ಇರುವುದು ಇನ್ನೊಂದಿಲ್ಲ. ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಜನ ಎದ್ದು ಹೋದ ಜಾಗ. ಅಲ್ಲಿ ಮನೆಗೆ ಬರವಾ?

ಎರಡೂವರೆ ತಿಂಗಳು ಹುಡುಕಿದೆವು. ಬಾಡಿಗೆಗೆ ಒಂದೂ ಸಿಗಲಿಲ್ಲ.

ಕೌಂಟಿ ಅಂದರೆ ನಮ್ಮ ತಾಲ್ಲೂಕು ಅನ್ನಿ. ಆಡಮ್ಸ್ ಕೌಂಟಿ ಸುಮಾರು 1,100 ಚದರ ಕಿಲೋಮೀಟರ್ ಇದೆ. ನನ್ನ ಊರು ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಅದೂ ಹೆಚ್ಚುಕಡಿಮೆ ಇಷ್ಟೇ ದೊಡ್ಡದು. ಅಲ್ಲಿ ಲಕ್ಷಕ್ಕೂ ಜಾಸ್ತಿ ಜನ. ಇಲ್ಲಿ ಚದರ ಕಿಲೋಮೀಟರಿಗೆ ಮೂರೋ ನಾಲ್ಕೋ ಜನ. ಕೌಂಟಿಯ ಮುಖ್ಯ ಪಟ್ಟಣ ಕಾರ್ನಿಂಗ್. ಅದರಲ್ಲಿ 1,564 ಜನ. ಪ್ರೆಸ್ಕಾಟ್, ನಾಡವೇ, ಕಾರ್ಬನ್ ಅಂತ ಇನ್ನು ಮೂರು ಚಿಕ್ಕ ಊರುಗಳಿವೆ. ಕಾರ್ಬನ್‌ಗೆ ಆ ಹೆಸರು ಬಂದಿದ್ದು ಕಲ್ಲಿದ್ದಲಿನಿಂದ. ಈಗ ಗಣಿಯೂ ಇಲ್ಲ, ಅಂಗಡಿಯೂ ಇಲ್ಲ. ಒಂದು ದೊಡ್ಡ ಕೂಡುಕುಟುಂಬದಲ್ಲಿ ಇರುವಷ್ಟು ಜನ ಇದ್ದಾರೆ.

ನಾವು ಬಂದ ಕಾರಣ ಹೇಳಬೇಕು. ನನ್ನ ಹೆಂಡತಿ ಡಾಕ್ಟರ್. ಜೆ-1 ವೀಸಾದಲ್ಲಿ ಇಲ್ಲಿ ತರಬೇತಿ ಮುಗಿಸಿದ ಡಾಕ್ಟರುಗಳು ಸಾಮಾನ್ಯವಾಗಿ ಎರಡು ವರ್ಷ ತಮ್ಮ ದೇಶಕ್ಕೆ ಹೋಗಿ ಇರಬೇಕು. ಬೇಡ ಅಂದರೆ ಡಾಕ್ಟರುಗಳ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಪ್ರತಿ ರಾಜ್ಯಕ್ಕೂ ವರ್ಷಕ್ಕೆ ಇಂಥ 30 ಜಾಗ. ಅಮೆರಿಕದ ನಡುಭಾಗದ ಮುಸುಕಿನ ಜೋಳದ ಹೊಲಗಳ ನಡುವೆ, ಇಪ್ಪತ್ತೈದು ಹಾಸಿಗೆಯ ಸಣ್ಣ ಆಸ್ಪತ್ರೆಗಳಲ್ಲಿ, ನಮ್ಮ ಕಡೆಯ ಹೆಸರುಗಳು ಯಾಕೆ ಕಾಣುತ್ತವೆ ಅಂತ ಯಾರಿಗಾದರೂ ಅನ್ನಿಸಿದ್ದರೆ, ಉತ್ತರ ಇದು. ಅವಳಿಗೆ ಪಕ್ಕದ ಕೌಂಟಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಮನೆ ಸಿಗಲಿಲ್ಲ. ಹಾಗಾಗಿ ಕಾರ್ನಿಂಗ್‌ನಲ್ಲಿ ಹುಡುಕಿದೆವು. ನನ್ನದು ಮನೆಯಿಂದ ಮಾಡುವ ಸಾಫ್ಟ್‌ವೇರ್ ಕೆಲಸ. ಇಂಟರ್ನೆಟ್ ಇದ್ದರೆ ಎಲ್ಲಾದರೂ ನಡೆಯುತ್ತದೆ.

ಮೊದಲ ಕೆಲವು ವಾರ ಹೆದ್ದಾರಿ 34ರ ಪಕ್ಕದ ಮೋಟೆಲ್‌ನಲ್ಲಿದ್ದೆವು. ಸಂಜೆ ಆದ ಕೂಡಲೇ ಊರು ಸುತ್ತಲು ಹೊರಡುತ್ತಿದ್ದೆವು. ಒಂದೊಂದು ಬೀದಿಯಲ್ಲೂ ಎರಡೋ ಮೂರೋ ಮನೆಗಳಲ್ಲಿ ದೀಪ ಇರುತ್ತಿರಲಿಲ್ಲ. ಹುಲ್ಲು ಕತ್ತರಿಸಿರುತ್ತದೆ. ಪರದೆ ಎಳೆದಿರುತ್ತದೆ. ಮುಂದಿನ ಜಗಲಿಯಲ್ಲಿ ಮರದ ಉಯ್ಯಾಲೆ ಹಾಗೇ ನೇತಾಡುತ್ತಿರುತ್ತದೆ. ಯಾರೂ ಇಲ್ಲ. 'ಬಾಡಿಗೆಗೆ' ಅಂತ ಬೋರ್ಡೂ ಇಲ್ಲ. ಕೇಳಿದರೆ, "ಓ, ಅದಾ, ಅವರ ಮಕ್ಕಳು ಡೆನ್ವರ್‌ನಲ್ಲಿದ್ದಾರೆ" ಅನ್ನುತ್ತಾರೆ.

ಕೊನೆಗೆ ನಮಗೆ ಜಾಗ ಕೊಟ್ಟಿದ್ದು ಒಬ್ಬ ಅಜ್ಜಿ. ಹೆಂಡತಿಯ ಆಸ್ಪತ್ರೆಯ ನರ್ಸ್ ಒಬ್ಬರು ಚರ್ಚಿನಲ್ಲಿ ನಮ್ಮ ವಿಷಯ ಹೇಳಿದ್ದರಂತೆ. ಮರುದಿನ ಅಜ್ಜಿಯೇ ಫೋನ್ ಮಾಡಿದರು. "ಮೇಲೆ ಮೂರು ರೂಮು ಸುಮ್ನೆ ಬಿದ್ದಿವೆ. ನಾನು ಮೆಟ್ಟಿಲು ಹತ್ತಿ ನಾಲ್ಕು ವರ್ಷ ಆಯ್ತು. ನೋಡಿ, ಇಷ್ಟ ಆದರೆ ಇರಿ" ಅಂದರು.

ಆ ಮನೆಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಯಾಕೆಂದರೆ ಈ ಕೌಂಟಿಯ ಕತೆಯೆಲ್ಲ ಆ ಮನೆಯಲ್ಲೇ ಇದೆ. 1910ರ ಸುಮಾರಿಗೆ ಕಟ್ಟಿದ್ದು. ಎರಡು ಅಂತಸ್ತು, ಚೌಕ, ಬಿಳಿ ಬಣ್ಣ ಬಳಿದ ಮರದ ಹಲಗೆ, ಮುಂದೆ ಅಗಲವಾದ ಜಗಲಿ. ಮೇಲೆ ನಾಲ್ಕು ಮಲಗುವ ಕೋಣೆ. ಎಂಟು ಜನರ ಸಂಸಾರಕ್ಕೆ ಅಂತ ಕಟ್ಟಿದ ಮನೆ ಅದು. 84 ವರ್ಷದ ಅಜ್ಜಿ ಅದರಲ್ಲಿ ಎರಡೇ ಜಾಗ ಬಳಸುತ್ತಾರೆ: ಅಡುಗೆ ಮನೆ ಮತ್ತು ಮುಂದಿನ ಕೋಣೆ. ಹಾಸಿಗೆಯನ್ನೂ ಅಲ್ಲಿಗೇ ಇಳಿಸಿಕೊಂಡಿದ್ದಾರೆ. ಮೇಲಿನ ಒಂದು ಕೋಣೆಗೆ ಬೀಗ. ಅದರಲ್ಲಿ ಗಂಡನ ಬಟ್ಟೆ, ಮಕ್ಕಳ ಶಾಲೆಯ ಟ್ರೋಫಿ. ಕೆಳಗೆ ನೆಲಮಾಳಿಗೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಜಾಡಿಗಳು. ಟೊಮೆಟೊ, ಬೀನ್ಸ್, ಪೀಚ್. ಪ್ರತಿ ಮುಚ್ಚಳದ ಮೇಲೂ ಪೆನ್ಸಿಲಿನಲ್ಲಿ ಇಸವಿ. ನಮ್ಮನೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗಳು ನೆನಪಾದವು.

ಒಂದು ದಿನ ಕೇಳಿದೆ, ಚಿಕ್ಕ ಮನೆಗೆ ಹೋಗಬೇಕು ಅನ್ನಿಸಲ್ವಾ ಅಂತ. "ಹೋಗ್ತೀನಲ್ಲ, ಎಲ್ಲಿದೆ ತೋರಿಸು" ಅಂದರು. "ಮೆಟ್ಟಿಲಿಲ್ಲದ ಮನೆ. ಎರಡು ರೂಮು. ಅಂಗಡಿಗೆ, ಚರ್ಚಿಗೆ ನಡೆದು ಹೋಗೋ ಹಾಗಿರಬೇಕು. ಈ ಊರಲ್ಲಿ ಅಂಥದ್ದು ಯಾರೂ ಕಟ್ಟಿಲ್ಲ."

ಎಲ್ಲ ಸಿಕ್ಕಿಕೊಂಡಿರುವುದು ಇಲ್ಲೇ. ಅಜ್ಜಿಗೆ ಚಿಕ್ಕ ಮನೆ ಇಲ್ಲ, ಅದಕ್ಕೆ ದೊಡ್ಡ ಮನೆ ಬಿಡುವುದಿಲ್ಲ. ದೊಡ್ಡ ಮನೆ ಬಿಡುವಾಗದ ಕಾರಣ ಮಕ್ಕಳೊಂದಿಗರಿಗೆ ಊರಲ್ಲಿ ಜಾಗ ಇಲ್ಲ. ಹೊಸ ಟೀಚರ್, ಡೆಪ್ಯೂಟಿ ಶೆರಿಫ್, ನರ್ಸ್ ಎಲ್ಲರೂ ಬೇರೆ ಕೌಂಟಿಯಲ್ಲಿ ಮನೆ ಮಾಡಿ ದಿನಾ ಕಾರಿನಲ್ಲಿ ಓಡಾಡುತ್ತಾರೆ. ಅವರ ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಾರೆ. ಇಲ್ಲಿನ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. ಆಮೇಲೆ ಪೇಪರಿನವರು ಬರೆಯುತ್ತಾರೆ, ಜನಕ್ಕೆ ಹಳ್ಳಿ ಬೇಡವಾಗಿದೆ ಅಂತ. ನನಗೆ ಈ ಮಾತು ಕೇಳಿದಾಗೆಲ್ಲ ಸಂಕಟ ಆಗುತ್ತದೆ. ಬೇಕು ಅಂದವರನ್ನು ನಾನೇ ನೋಡಿದ್ದೇನೆ. ನಾವೂ ಅವರಲ್ಲೇ ಇದ್ದೆವು.

ಹಾಗಾದರೆ ಹೊಸದು ಯಾಕೆ ಕಟ್ಟಲ್ಲ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಇಲ್ಲಿ ಅದರ ಮೊದಲ ಅರ್ಧವೇ ಸಾಕು. ಸಿಮೆಂಟು, ಮರ, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲ ಪಟ್ಟಣದ ದರಕ್ಕೇ ಬರಬೇಕು. ದೂರದಿಂದ ಬರುವ ಖರ್ಚು ಮೇಲೆ. ಆದರೆ ಕಟ್ಟಿದ ಮನೆಯ ಬೆಲೆ ಹಳ್ಳಿಯ ದರದ್ದು. ಸುಮ್ಮನೆ ಒಂದು ಲೆಕ್ಕ ಹಿಡಿಯಿರಿ. ಕಟ್ಟಲು ಮೂರು ಲಕ್ಷ ಡಾಲರ್ ಆಯಿತು. ಬ್ಯಾಂಕಿನವರು ಅಕ್ಕಪಕ್ಕದಲ್ಲಿ ಮಾರಾಟವಾದ ಹಳೇ ಮನೆಗಳನ್ನು ನೋಡಿ ಎರಡು ಲಕ್ಷ ಬೆಲೆ ಕಟ್ಟುತ್ತಾರೆ. ಸಾಲ ಸಿಗುವುದು ಅಷ್ಟಕ್ಕೇ. ಉಳಿದ ಒಂದು ಲಕ್ಷ ಕೈಯಿಂದ ಹೋಗಬೇಕು. ಅದು ವಾಪಸ್ ಬರುವ ಆಸೆ ಇಲ್ಲ. ದುಡ್ಡು ಮಾಡಲು ಮನೆ ಕಟ್ಟುವವನು ಈ ಕಡೆ ತಲೆ ಹಾಕುವುದಿಲ್ಲ. ರಾಜ್ಯದ ರಾಜಧಾನಿ ಡಿ ಮಾಯ್ನ್ ಸುತ್ತ ಒಂದೇ ಸಲಕ್ಕೆ ಐವತ್ತು ಮನೆ ಏಳುತ್ತವೆ. ಅಲ್ಲಿಂದ ಒಂದೂಮುಕ್ಕಾಲು ಗಂಟೆ ದೂರದ ನಮ್ಮೂರಲ್ಲಿ ಒಂದು ಹೊಸ ಮನೆಯ ಪಾಯ ತೋಡಿದರೆ ಜನ ಕಾರು ನಿಲ್ಲಿಸಿ ನೋಡುತ್ತಾರೆ.

ಖಾಲಿ ಮನೆಗಳ ಲೆಕ್ಕವೂ ಇದೆ. 2010ರ ಜನಗಣತಿಯಲ್ಲಿ ಈ ಕೌಂಟಿಯಲ್ಲಿ 2,010 ಮನೆ. ಜನ ವಾಸ ಇದ್ದದ್ದು 1,715ರಲ್ಲಿ. ಅಂದರೆ ಸುಮಾರು ಮುನ್ನೂರು ಮನೆ ಖಾಲಿ. ಕಾಗದದ ಮೇಲೆ ನೋಡಿದರೆ ಆರೇಳು ಮನೆಗೊಂದು ಬಿಡುವಾಗಿದೆ. ಬಾಗಿಲು ತಟ್ಟಲು ಹೋದರೆ ಗೊತ್ತಾಗುತ್ತದೆ. ಕೆಲವು ಬೀಳುವ ಸ್ಥಿತಿಯಲ್ಲಿವೆ. ಮಾಡು ಸೋರಿ, ರಕೂನ್‌ಗಳು ಸೇರಿಕೊಂಡಿವೆ. ಕೆಲವು ಹೊರಗಿನವರು ಜಿಂಕೆ ಬೇಟೆಯ ಕಾಲಕ್ಕೆ ಅಂತ ಕೊಂಡಿಟ್ಟುಕೊಂಡಿರುವವು. ವರ್ಷದಲ್ಲಿ ಎರಡು ವಾರ ಅಲ್ಲಿ ಒಲೆ ಉರಿದರೆ ಜಾಸ್ತಿ. ಮಿಕ್ಕವು ಮಕ್ಕಳು ಬೀಗ ಹಾಕಿಟ್ಟವು. ಆ ಬೀಗದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಊರ ಹೊರಗೆ, ಹೊಲದ ನಡುವೆ ಇರುವ ಮನೆಗಳದ್ದು ಇನ್ನೊಂದು ಕತೆ. ಮನೆ, ಜೊತೆಗೆ ಸುತ್ತ ನಾಲ್ಕೈದು ಎಕರೆ ಇದ್ದರೆ ಅದಕ್ಕೆ ಇಲ್ಲಿ 'ಅಕ್ರೇಜ್' ಅನ್ನುತ್ತಾರೆ. ಅಂಥದ್ದೊಂದು ಹತ್ತು ಎಕರೆ ಹುಲ್ಲುಗಾವಲಿನ ಜೊತೆ ಮಾರಾಟಕ್ಕೆ ಬಂತು. ನೋಡಲು ಹೋದೆವು. ತುಂಬ ಹಿಡಿಸಿತು. ಆಗ ಗೊತ್ತಾಯಿತು, ಅಯೋವಾದಲ್ಲಿ ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಬೇಸಾಯದ ಭೂಮಿ ಕೊಳ್ಳುವ ಹಾಗಿಲ್ಲ. ನನಗೆ ಸಿಟ್ಟು ಬರಲಿಲ್ಲ. ನಮ್ಮಲ್ಲೂ 2020ರಲ್ಲಿ ಕಾಯ್ದೆ ತಿದ್ದುವ ತನಕ ರೈತರಲ್ಲದವರು ಹೊಲ ಕೊಳ್ಳಲು ಆಗುತ್ತಿರಲಿಲ್ಲ ಅಲ್ವಾ? ಉಳುವವನ ಕೈಲೇ ನೆಲ ಇರಲಿ ಅನ್ನುವ ಆಸೆ ಎರಡೂ ಕಡೆ ಇತ್ತು. ನಾವು ಮೇಲಿನ ಮೂರು ರೂಮಿಗೇ ವಾಪಸ್ ಬಂದೆವು.

2024ರ ಮೇ 21, ಮಂಗಳವಾರ. ಬೆಳಗಿನಿಂದ ಬೆವರಿಳಿಯುವ ಸೆಕೆ. ಮಧ್ಯಾಹ್ನ ಆಕಾಶ ಹಸಿರು ತಿರುಗಿತು. ಸುಂಟರಗಾಳಿಯ ಸೈರನ್ ಕೂಗಿತು. ಅಜ್ಜಿ ರೇಡಿಯೋ ಹಿಡಿದುಕೊಂಡು, ಟೊಮೆಟೊ ಜಾಡಿಗಳ ನಡುವೆ ಸ್ಟೂಲ್ ಹಾಕಿಕೊಂಡು ಕೂತರು. ನಾನು ಅವರ ಪಕ್ಕ ನೆಲದ ಮೇಲೆ. ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಗಾಳಿ ನಮ್ಮ ಬೀದಿಗೆ ಬರಲಿಲ್ಲ. ಆದರೆ ಕೌಂಟಿಯನ್ನು ಓರೆಯಾಗಿ ಸೀಳಿಕೊಂಡು ಹೋಯಿತು. ಕಾರ್ನಿಂಗ್ ಹತ್ತಿರ ಕಾರಿನಲ್ಲಿದ್ದ ಹೆಂಗಸೊಬ್ಬರು ತೀರಿಕೊಂಡರು. ಪ್ರೆಸ್ಕಾಟ್ ಹತ್ತಿರ ಗಾಳಿಯಂತ್ರಗಳ ಕಂಬಗಳು ಮಡಚಿ ಬಿದ್ದವು. ಒಂದು ಹೊತ್ತಿ ಉರಿಯುತ್ತಿತ್ತು. ಅದೇ ಸುಂಟರಗಾಳಿ ಪಕ್ಕದ ಅಡೇರ್ ಕೌಂಟಿಯ ಗ್ರೀನ್‌ಫೀಲ್ಡ್ ಊರಿನ ನಡುವೆ ನುಗ್ಗಿ ನಾಲ್ವರನ್ನು ಬಲಿ ತೆಗೆದುಕೊಂಡಿತು. ಕೆಲವೇ ನಿಮಿಷದಲ್ಲಿ ಸಾಲುಸಾಲು ಮನೆಗಳು ನೆಲಸಮ.

ಮರುದಿನ ಅಲ್ಲಿಗೆ ಹೋದ ನಮ್ಮ ಊರಿನವರ ಕೈಯಲ್ಲಿ ಗರಗಸ, ಟಾರ್ಪಾಲು, ಊಟದ ಟ್ರೇಗಳು. ಯಾರೂ ಯಾರನ್ನೂ ಕರೆದಿರಲಿಲ್ಲ. ರಸ್ತೆಯಲ್ಲಿ ಎದುರಾದ ಪ್ರತಿ ಪಿಕಪ್‌ನವರೂ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತಿ ನಮಸ್ಕಾರ ಹೇಳುವ ರೂಢಿ ಇಲ್ಲಿದೆ. ಗುರುತಿರಲಿ ಬಿಡಲಿ, ಎತ್ತಲೇಬೇಕು. ಆ ವಾರ ಇಡೀ ಕೈಯನ್ನೇ ಎತ್ತುತ್ತಿದ್ದರು. ಮನೆ ಕಳೆದುಕೊಂಡವರು ಎಲ್ಲಿ ಹೋಗಬೇಕು ಅನ್ನುವ ಪ್ರಶ್ನೆ ಮಾತ್ರ ಎಲ್ಲರ ಬಾಯಲ್ಲೂ ಇತ್ತು. ಮೊದಲೇ ಮನೆಗೆ ಬರ ಇರುವ ಸೀಮೆ ಇದು.

ಆರು ದಿನ ಕಳೆದು ಮೆಮೋರಿಯಲ್ ಡೇ ಬಂತು. ಮೇ ತಿಂಗಳ ಕೊನೆಯ ಸೋಮವಾರ. ಸತ್ತವರ ಸಮಾಧಿಗೆ ಹೂ ಇಡುವ ದಿನ. ನಮ್ಮ ಮಹಾಲಯದ ಹಾಗೆ, ಊರು ಬಿಟ್ಟವರೂ ಅವತ್ತು ಬರುತ್ತಾರೆ. ಅಜ್ಜಿ ಬೆಳಿಗ್ಗೆಯೇ ಬಕೆಟ್ಟು, ಕತ್ತರಿ ಹಿಡಿದು ನಿಂತಿದ್ದರು. "ಕಾರು ತೆಗಿ, ಹೂ ತರಬೇಕು" ಅಂದರು. ಹೂವಿನ ಅಂಗಡಿಗೆ ಅಂದುಕೊಂಡೆ.

ಅವರು ಕರೆದುಕೊಂಡು ಹೋಗಿದ್ದು ಜಲ್ಲಿ ರಸ್ತೆಯಲ್ಲಿ, ಊರಿಂದ ಹನ್ನೊಂದು ಮೈಲಿ ಆಚೆ. ಈ ನಾಡಿನ ರಸ್ತೆಗಳು ಚದುರಂಗದ ಮಣೆಯ ಹಾಗೆ. 1785ರಲ್ಲಿ ಅಮೆರಿಕದವರು ಒಂದು ಕಾನೂನು ಮಾಡಿದರು. ಕಾಡು, ಗುಡ್ಡ, ಹೊಳೆ ಯಾವುದನ್ನೂ ನೋಡದೆ ನೆಲವನ್ನು ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ ಚೌಕಗಳಾಗಿ ಅಳೆಯಬೇಕು ಅಂತ. ಆ ಚೌಕಕ್ಕೆ ಸೆಕ್ಷನ್ ಅನ್ನುತ್ತಾರೆ. 640 ಎಕರೆ. ಅದರ ಕಾಲು ಭಾಗ 160 ಎಕರೆ, ಕ್ವಾರ್ಟರ್. ಒಂದು ಕುಟುಂಬ ಕುದುರೆ ಕಟ್ಟಿ ಉಳಬಹುದಾದಷ್ಟು. ಅಂದರೆ ಸೆಕ್ಷನ್ನಿಗೆ ನಾಲ್ಕು ಮನೆ. ಮಕ್ಕಳು ನಡೆದು ಹೋಗುವ ಹಾಗೆ ಎರಡು ಮೈಲಿಗೊಂದು ಒಂದೇ ಕೋಣೆಯ ಶಾಲೆ. 13,601 ಜನ ಇದ್ದದ್ದು ಹೀಗೆ.

"ಇದು ಹೊಸ್ಟೆಟ್ಲರ್ ಪ್ಲೇಸ್" ಅಂತ ಏನೋ ಒಂದು ಹೆಸರು ಹೇಳಿ ಅಜ್ಜಿ ಬೆರಳು ತೋರಿಸುತ್ತಾರೆ. ನೋಡಿದರೆ ಸೋಯಾಬೀನ್ ಹೊಲ. ಇನ್ನರ್ಧ ಮೈಲಿ ಹೋದರೆ ಇನ್ನೊಬ್ಬರ ಹೆಸರು. ಅಲ್ಲೂ ಹೊಲವೇ. ನಮ್ಮೂರಲ್ಲೂ ಶಾನುಭೋಗರು ಹೋಗಿ ಮೂರು ತಲೆಮಾರು ಕಳೆದರೂ 'ಶಾನುಭೋಗರ ಮನೆ ತಿರುವು' ಅನ್ನುವುದಿಲ್ಲವಾ, ಹಾಗೆ. ಇಲ್ಲಿ ಮನೆಯೂ ಇಲ್ಲ, ತಿರುವೂ ಇಲ್ಲ, ಹೆಸರು ಮಾತ್ರ ಇದೆ. ಅದೂ ಅಜ್ಜಿಯಂಥವರ ಬಾಯಲ್ಲಿ. ಆ ಒಂದು ಮೈಲಿಯಲ್ಲಿ ಅವರು ಚಿಕ್ಕವರಿದ್ದಾಗ ಐದು ಮನೆ ಇದ್ದವಂತೆ. ಈಗ ಒಂದು.

"ನಿಲ್ಲಿಸು" ಅಂದರು. ರಸ್ತೆಯಂಚಿನ ಮೋರಿ ದಾಟಿದರೆ ಹೊಲ. ಪಾದ ಮುಚ್ಚುವಷ್ಟು ಎತ್ತರ ಬಂದಿದ್ದ ಮುಸುಕಿನ ಜೋಳದ ಸಾಲುಗಳು. ಹೊಲದ ಮೂಲೆಯಲ್ಲಿ, ಬೇಲಿ ಕಂಬದ ಬುಡದಲ್ಲಿ, ಹುಲ್ಲಿನ ನಡುವೆ ಪಿಯೋನಿ ಗಿಡಗಳ ಸಾಲು. ಅಂಗೈಯಗಲದ ಗುಲಾಬಿ ಬಣ್ಣದ ಹೂ. ಭಾರಕ್ಕೆ ತಲೆ ಬಗ್ಗಿಸಿಕೊಂಡು ನಿಂತಿದ್ದವು. ಪಕ್ಕದಲ್ಲೊಂದು ಲೈಲಾಕ್ ಪೊದೆ. ಹೂ ಮುಗಿದಿತ್ತು. "ನಮ್ಮಮ್ಮ ನೆಟ್ಟಿದ್ದು. ಇಲ್ಲಿ ಅಡುಗೆ ಮನೆ ಕಿಟಕಿ ಇತ್ತು. ಪಾತ್ರೆ ತೊಳೀತಾ ಹೂ ನೋಡಬೇಕು ಅಂತ ಇಲ್ಲಿ ನೆಟ್ಟಳು" ಅಂದರು. ನಾನು ಬಗ್ಗಿ ಕತ್ತರಿಸಿ ಕೊಟ್ಟೆ. ಹೂವಿನ ಮೊಗ್ಗಿನ ಮೇಲೆಲ್ಲ ಇರುವೆ. ಅಜ್ಜಿ ಒಂದೊಂದನ್ನೂ ಮೆಲ್ಲಗೆ ಕೊಡವಿ ಬಕೆಟ್ಟಿಗೆ ಇಳಿಸಿದರು.

ಅದು ಅವರು ಹುಟ್ಟಿದ ಮನೆ. ಇಲ್ಲಿನವರ ಮಾತಲ್ಲಿ 'ಹೋಮ್ ಪ್ಲೇಸ್'. ಅಪ್ಪನ ನಂತರ ಅಣ್ಣನಿಗೆ ಬಂತು. 1970ರ ದಶಕ ರೈತರಿಗೆ ಒಳ್ಳೆಯ ಕಾಲ. 1972ರಲ್ಲಿ ಸೋವಿಯತ್ ರಷ್ಯಾ ರಾಶಿಗಟ್ಟಲೆ ಧಾನ್ಯ ಕೊಂಡಿತು, ಬೆಲೆ ಏರಿತು. ಬೇಲಿಯಿಂದ ಬೇಲಿ ತನಕ ಬಿತ್ತಿ ಅಂತ ಕೃಷಿ ಮಂತ್ರಿ ಅರ್ಲ್ ಬಟ್ಜ್ ಹುರಿದುಂಬಿಸಿದರು. ಬ್ಯಾಂಕುಗಳು ಕರೆದು ಸಾಲ ಕೊಟ್ಟವು. ಅಣ್ಣ 1979ರಲ್ಲಿ ಪಕ್ಕದ ಕ್ವಾರ್ಟರ್ ಕೊಂಡರು. ಅದೇ ವರ್ಷ ಹಣದುಬ್ಬರ ಇಳಿಸಲು ಇಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಹಿಡಿತ ಬಿಗಿ ಮಾಡಿತು. 1980ರ ಕೊನೆಗೆ ಬಡ್ಡಿ ನೂರಕ್ಕೆ ಇಪ್ಪತ್ತು ದಾಟಿತ್ತು. ಅದೇ ವರ್ಷದ ಜನವರಿಯಲ್ಲಿ ರಷ್ಯಾಕ್ಕೆ ಧಾನ್ಯ ಮಾರುವುದನ್ನೂ ಸರಕಾರ ನಿಲ್ಲಿಸಿತ್ತು. ಅಯೋವಾದಲ್ಲಿ ಎಕರೆಗೆ 1981ರಲ್ಲಿ ಸರಾಸರಿ 2,147 ಡಾಲರ್ ಇದ್ದ ನೆಲ 1986ರಲ್ಲಿ 787ಕ್ಕೆ ಇಳಿಯಿತು. ಸಾಲ ಮಾತ್ರ ಹಾಗೇ ಇತ್ತು.

ಹರಾಜಿನ ದಿನದ ಬಗ್ಗೆ ಅಜ್ಜಿ ಹೇಳಿದ್ದು ಒಂದೇ ವಿಷಯ. ಅಣ್ಣನ ಟ್ರ್ಯಾಕ್ಟರ್ ಹರಾಜಾಗುವಾಗ ಅಕ್ಕಪಕ್ಕದವರೆಲ್ಲ ಟೋಪಿ ತೆಗೆದು ನಿಂತಿದ್ದರಂತೆ. ಅಣ್ಣ ಒಮಾಹಾಕ್ಕೆ ಹೋಗಿ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದರು. ಹಿಂದಿರುಗಿ ಬರಲಿಲ್ಲ. ನೆಲ ಕೊಂಡವರಿಗೆ ಮನೆ ಬೇಕಿರಲಿಲ್ಲ. ಕೆಲವು ವರ್ಷ ಖಾಲಿ ಬಿಟ್ಟರು. ಆಮೇಲೆ ದೊಡ್ಡ ಗುಂಡಿ ತೋಡಿಸಿ, ಬುಲ್‌ಡೋಜರಿನಲ್ಲಿ ಮನೆಯನ್ನು ಅದರೊಳಕ್ಕೆ ದೂಡಿ, ಮಣ್ಣು ಮುಚ್ಚಿ, ಜೋಳ ಬಿತ್ತಿದರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಮನೆ ಇದ್ದರೆ ತೆರಿಗೆ, ವಿಮೆ. ಅದನ್ನು ಸುತ್ತಿ ಬಿತ್ತುವುದು ರಗಳೆ. ಇಪ್ಪತ್ತನಾಲ್ಕು ಸಾಲು ಒಟ್ಟಿಗೆ ಬಿತ್ತುವ ಯಂತ್ರಕ್ಕೆ ಬೇಕಿರುವುದು ನೆಟ್ಟಗಿನ ಉದ್ದ ಸಾಲು. ಆ ಯಂತ್ರ ಇದ್ದರೆ ಒಬ್ಬನೇ ದಿನಕ್ಕೆ ನೂರಾರು ಎಕರೆ ಮುಗಿಸುತ್ತಾನೆ. ನಾಲ್ಕು ಮನೆಯವರು, ಅವರ ಮಕ್ಕಳು, ಕುದುರೆಗಳು ಸೇರಿ ಮಾಡುತ್ತಿದ್ದ ಕೆಲಸ ಒಂದು ಬೆಳಗಿಗೆ ಮುಗಿಯುತ್ತದೆ. ಜೋಳ ಹಿಂದೆಂದಿಗಿಂತ ಚೆನ್ನಾಗಿ ಬೆಳೆಯುತ್ತದೆ. 2022ರ ಕೃಷಿ ಗಣತಿಯಲ್ಲಿ ಅಯೋವಾದ ಸರಾಸರಿ ಹಿಡುವಳಿ 345 ಎಕರೆ. ಅದರಲ್ಲಿ ಸಂಜೆ ಹೊತ್ತು ಮಾತ್ರ ಬೇಸಾಯ ಮಾಡುವ ಐದಾರು ಎಕರೆಯವರೂ ಸೇರಿದ್ದಾರೆ. ಜೋಳ ನಂಬಿ ಬದುಕುವವರು ಸಾವಿರಾರು ಎಕರೆ ಮಾಡುತ್ತಾರೆ.

ಜನ ಹೋಗಿದ್ದಕ್ಕೆ 1980ರ ದಶಕ ಒಂದೇ ಕಾರಣ ಅಲ್ಲ. 1900ರಿಂದ 1910ರ ನಡುವೆಯೇ ಈ ಕೌಂಟಿ ಎರಡೂವರೆ ಸಾವಿರ ಜನರನ್ನು ಕಳೆದುಕೊಂಡಿತ್ತು. ಆ ಹತ್ತು ವರ್ಷದಲ್ಲಿ ಇಡೀ ಅಮೆರಿಕದಲ್ಲಿ ಜನಸಂಖ್ಯೆ ಇಳಿದ ಒಂದೇ ರಾಜ್ಯ ಅಯೋವಾ. ಪಶ್ಚಿಮಕ್ಕೆ ಅಗ್ಗದ ನೆಲ ಸಿಗುತ್ತಿತ್ತು, ಹೋದರು. ಅಂದಿನಿಂದ ಪ್ರತಿ ಜನಗಣತಿಯಲ್ಲೂ ಇಳಿಕೆಯೇ. ಒಂದೇ ಒಂದು ಸಲವೂ ಏರಿಲ್ಲ.

ಬರುವವರಿಗೆ ಈ ನೆಲ ಯಾವತ್ತೂ ಬೇಡ ಅಂದಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಕಾರ್ನಿಂಗ್‌ನಿಂದ ಸ್ವಲ್ಪ ದೂರದಲ್ಲೇ ಇದೆ. 1850ರ ದಶಕದಲ್ಲಿ ಫ್ರಾನ್ಸಿನಿಂದ ಬಂದ ಒಂದು ಗುಂಪು ಇಲ್ಲಿ ನೆಲೆಸಿತು. ಎತಿಯೆನ್ ಕಾಬೆ ಅನ್ನುವವರ ಹಿಂಬಾಲಕರು. ಇಕೇರಿಯನ್ನರು ಅನ್ನುತ್ತಾರೆ. ಆಸ್ತಿ ಎಲ್ಲರದ್ದು, ದುಡಿಮೆ ಎಲ್ಲರದ್ದು, ಊಟ ಒಂದೇ ದೊಡ್ಡ ಮನೆಯಲ್ಲಿ. ಮಲಗಲು ಮಾತ್ರ ಒಂದೊಂದು ಸಂಸಾರಕ್ಕೆ ಒಂದೊಂದು ಪುಟ್ಟ ಗೂಡು. 1878ರಲ್ಲಿ ಹಿರಿಯರಿಗೂ ಕಿರಿಯರಿಗೂ ಜಗಳ ಬಂದು ಎರಡು ಪಾಲಾದರು. 1898ರಲ್ಲಿ ಮುಗಿಯಿತು. ಆ ಊಟದ ಮನೆ ಈಗಲೂ ನಿಂತಿದೆ. ಉದ್ದ ಬೆಂಚು, ಉದ್ದ ಮೇಜು. ನಾನು ಮೊದಲ ಸಲ ಒಳಗೆ ಕಾಲಿಟ್ಟಾಗ ದೇವಸ್ಥಾನದ ಊಟದ ಪಂಕ್ತಿ ಕಣ್ಣಿಗೆ ಕಟ್ಟಿತು. ಹತ್ತಿರದ ಕೆರೆಗೂ ಲೇಕ್ ಇಕೇರಿಯಾ ಅಂತಲೇ ಹೆಸರು. ಈಗ ಅಲ್ಲಿ ಜನ ಮೀನು ಹಿಡಿಯುತ್ತಾರೆ.

ಉಳಿದವರು ಕೈಕಟ್ಟಿ ಕೂತಿಲ್ಲ, ಅದನ್ನು ಹೇಳಲೇಬೇಕು. 1902ರ ಹಳೇ ಒಪೆರಾ ಹೌಸ್ ಹಾಳು ಬಿದ್ದಿತ್ತು. ಚಂದಾ ಎತ್ತಿ ಎಬ್ಬಿಸಿ ನಿಲ್ಲಿಸಿದ್ದಾರೆ. ಟೀವಿಯಲ್ಲಿ ಇಡೀ ಅಮೆರಿಕವನ್ನು ನಗಿಸಿದ ಜಾನಿ ಕಾರ್ಸನ್ 1925ರಲ್ಲಿ ಇಲ್ಲೇ ಹುಟ್ಟಿದ್ದು. ಆ ಪುಟ್ಟ ಮನೆಯನ್ನೂ ಕಾಪಾಡಿಕೊಂಡಿದ್ದಾರೆ. ಶಾಲೆಗೆ ಮಕ್ಕಳು ಸಾಲದೆ ಬಂದಾಗ ಪಕ್ಕದ ವಿಲಿಸ್ಕಾ ಊರಿನ ಜೊತೆ ಸೇರಿ ಸೌತ್‌ವೆಸ್ಟ್ ವ್ಯಾಲಿ ಅಂತ ಒಂದು ಮಾಡಿಕೊಂಡರು. ಹನ್ನೊಂದು ಜನರ ಫುಟ್‌ಬಾಲ್ ತಂಡ ಕಟ್ಟಲು ಹುಡುಗರು ಸಾಲದ ಶಾಲೆಗಳಿಗೆ ಅಂತ ಎಂಟು ಜನರ ಆಟವೇ ಅಯೋವಾದಲ್ಲಿದೆ. ಯಾರಾದರೂ ತೀರಿಕೊಂಡರೆ ಚರ್ಚಿನ ಕೆಳಗಿನ ಹಾಲಿನಲ್ಲಿ ಊಟ. ನಾವು ಮಾಂಸ ತಿನ್ನುವುದಿಲ್ಲ ಅಂತ ಗೊತ್ತಾದ ಮೇಲೆ ನಮಗಾಗಿ ಬೇರೆ ಪಾತ್ರೆಯಲ್ಲಿ ಬೀನ್ಸ್ ಇಟ್ಟಿರುತ್ತಾರೆ. ಅದರ ಮೇಲೆ ನನ್ನ ಹೆಂಡತಿಯ ಹೆಸರು ಬರೆದ ಚೀಟಿ. ರಾತ್ರಿ ಊಟದ ಹೊತ್ತಿಗೆ ಶಿಕಾಗೋದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವ ರೈಲು ಊರು ನಡುಗಿಸಿಕೊಂಡು ಹೋಗುತ್ತದೆ. ಇಲ್ಲಿ ನಿಲ್ಲುವುದಿಲ್ಲ. ಅಜ್ಜಿ ಅದರ ಸದ್ದು ಕೇಳಿ ಗಡಿಯಾರ ನೋಡುತ್ತಾರೆ, ತಡವಾಗಿ ಬಂತು ಅಥವಾ ಸರಿಯಾಗಿ ಬಂತು ಅನ್ನುತ್ತಾರೆ.

ಈಗ ಬೀಗದ ವಿಷಯ.

ನಮಗೆ ಮಗಳು ಹುಟ್ಟುವುದಿತ್ತು. ಮೇಲಿನ ಮೂರು ರೂಮು, ಕಡಿದಾದ ಮೆಟ್ಟಿಲು ಕಷ್ಟ ಅನ್ನಿಸತೊಡಗಿತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಮನೆ ಇತ್ತು. ಒಂದೇ ಅಂತಸ್ತು, ಹಸಿರು ಕಿಟಕಿ ಬಾಗಿಲು, ಹಿತ್ತಲಲ್ಲಿ ಸೇಬಿನ ಮರ. ಮೂರು ವರ್ಷದಿಂದ ಬೀಗ. ಅಜ್ಜಿ ಫೋನ್ ನಂಬರ್ ಕೊಡಿಸಿದರು. ಆ ಮನೆಯ ಮಗ ಬೇರೆ ರಾಜ್ಯದ ದೊಡ್ಡ ಊರಿನಲ್ಲಿದ್ದಾರೆ. ಒಳ್ಳೆಯ ಮನುಷ್ಯ. ತಾಳ್ಮೆಯಿಂದ ಮಾತಾಡಿದರು. ಬಾಡಿಗೆ ಎಷ್ಟಾದರೂ ಸರಿ, ಮನೆ ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಮ್ಮನ ಸಾಮಾನೆಲ್ಲ ಹಾಗೇ ಇದೆ. ಖಾಲಿ ಮಾಡಲು ಮನಸ್ಸು ಬರ್ತಿಲ್ಲ. ವರ್ಷಕ್ಕೊಂದು ಸಲ ಥ್ಯಾಂಕ್ಸ್‌ಗಿವಿಂಗ್‌ಗೆ ಎಲ್ಲರೂ ಅಲ್ಲೇ ಸೇರ್ತೀವಿ. ದಯವಿಟ್ಟು ಬೇಜಾರು ಮಾಡ್ಕೋಬೇಡಿ" ಅಂದರು.

ಫೋನ್ ಇಟ್ಟೆ. ಆ ಮಾತು ನನಗೆ ಹೊಸದಲ್ಲ. ಅಕ್ಷರಕ್ಕೆ ಅಕ್ಷರ ನಾನೇ ಆಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ ಅಣ್ಣನ ಹತ್ತಿರ ಹೋದಳು. ಊರ ಮನೆಗೆ ಬೀಗ ಬಿತ್ತು. ನಾಲ್ಕು ಅಂಕಣದ ಹೆಂಚಿನ ಮನೆ. ಅಂಗಳದ ಆಚೆ ತೋಟ. ತೋಟ ನೋಡಿಕೊಳ್ಳುವವರಿದ್ದಾರೆ. ಮನೆ ಮಾತ್ರ ಸುಮ್ಮನೆ ನಿಂತಿದೆ. ಊರ ಸರಕಾರಿ ಶಾಲೆಗೆ ಹಾವೇರಿ ಕಡೆಯ ಒಬ್ಬ ಟೀಚರ್ ವರ್ಗವಾಗಿ ಬಂದಿದ್ದರು. ಗಂಡ, ಒಂದು ಮಗು. ಪೇಟೆಯಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮಳೆಗಾಲದಲ್ಲಿ ಬಸ್ಸು ತಪ್ಪಿದರೆ ಶಾಲೆಯೇ ಇಲ್ಲ. ಪಕ್ಕದ ಮನೆಯವರ ಮೂಲಕ ಕೇಳಿಸಿದ್ದರು, ನಿಮ್ಮ ಮನೆಯ ಒಂದು ಭಾಗ ಬಾಡಿಗೆಗೆ ಕೊಡ್ತೀರಾ ಅಂತ. "ಅಪ್ಪನ ಸಾಮಾನೆಲ್ಲ ಹಾಗೇ ಇದೆ, ದೀಪಾವಳಿಗೆ ನಾವೆಲ್ಲ ಅಲ್ಲೇ ಸೇರ್ತೀವಿ, ಬೇಜಾರು ಮಾಡ್ಕೋಬೇಡಿ" ಅಂತ ಹೇಳಿ ಕಳಿಸಿದ್ದೆ. ಆಗ ಅದು ತಪ್ಪು ಅಂತ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಆಮೇಲೆ ಮೂರು ದೀಪಾವಳಿ ಬಂದು ಹೋದವು. ನಾನು ಒಂದಕ್ಕೂ ಹೋಗಿಲ್ಲ.

ಅಯೋವಾದ ಬೇಸಾಯದ ನೆಲದಲ್ಲಿ ಮೂರನೇ ಎರಡು ಪಾಲು 65 ದಾಟಿದವರ ಕೈಯಲ್ಲಿದೆ ಅಂತ ಇಲ್ಲಿನ ವಿಶ್ವವಿದ್ಯಾಲಯದ ಸರ್ವೆ ಹೇಳುತ್ತದೆ. ಅವರ ನಂತರ ಅದು ಊರಲ್ಲಿಲ್ಲದ ಮಕ್ಕಳಿಗೆ ಹೋಗುತ್ತದೆ. ಆ ಮಕ್ಕಳ ಬಗ್ಗೆ ನಾನು ಈ ಎರಡು ವರ್ಷದಲ್ಲಿ ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಎದ್ದು ಅಣ್ಣನಿಗೆ ಫೋನ್ ಮಾಡಿದೆ.

ಅಣ್ಣ ಮೊದಲು ಒಪ್ಪಲಿಲ್ಲ. "ಬಾಡಿಗೆಯವರು ಗೋಡೆಗೆ ಮೊಳೆ ಹೊಡೀತಾರೆ ಕಣೋ" ಅಂದ. ಹೊಡೆದರೆ ಹೊಡೆಯಲಿ ಅಂದೆ. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡಳು. ಅವಳು ಅಳುತ್ತಾಳೆ ಅಂದುಕೊಂಡು ಗಟ್ಟಿ ಮಾಡಿಕೊಂಡೆ. ಅವಳು ಕೇಳಿದ್ದು ಬೇರೆ.

"ಮಗು ಇದೆ ಅಂದ್ಯಲ್ಲ, ಎಷ್ಟು ವರ್ಷದ್ದು? ಬಚ್ಚಲ ಹಂಡೆ ತಳ ತೂತಾಗಿ ಎಷ್ಟು ಕಾಲ ಆಯ್ತು. ಮಳೆಗಾಲದಲ್ಲಿ ಮಗೂಗೆ ತಣ್ಣೀರು ಹಾಕ್ತಾರಾ? ಮೊದಲು ಹಂಡೆ ತರಿಸು. ಆಮೇಲೆ ಬೀಗದ ಕೈ ಕೊಡು."

ಪಕ್ಕದ ಮನೆಯವರು ಬಾಗಿಲು ತೆಗೆದು ಫೋಟೋ ಕಳಿಸಿದರು. ನಡುಮನೆಯಲ್ಲಿ ಗೆದ್ದಲು ಒಂದು ಕಂಬ ಹತ್ತಿತ್ತು. ಅಪ್ಪನ ಕೊಡೆ ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು. ಮೂರು ಹೆಂಚು ಜಾರಿ ಅಲ್ಲೆಲ್ಲ ಬೆಳಕು ಬಿದ್ದಿತ್ತು. ಹೆಂಚು ಹೊದಿಸುವವರಿಗೆ ಹೇಳಿದ್ದೇವೆ. ಶಿವಮೊಗ್ಗದಲ್ಲಿ ತಾಮ್ರದ ಹಂಡೆ ಸಿಕ್ಕಿದೆ, ಒಂದು ವಾರಕ್ಕೆ ಬರುತ್ತದೆ. ಟೀಚರ್ ಇನ್ನೂ ಅದೇ ಶಾಲೆಯಲ್ಲಿದ್ದಾರೆ. ಶಾಲೆ ಶುರುವಾಗುವ ಮೊದಲು ಬಂದು ಹಾಲು ಉಕ್ಕಿಸುತ್ತಾರಂತೆ.